ಏನು ಬಿತ್ತು, ಹೇಳು

ಡಾಕ್ಟರು ಸ್ಟೀಲಿನ ಟ್ರೇ ಎತ್ತಿಕೊಂಡು ಅವನ ಬೆನ್ನ ಹಿಂದೆ ಹೋಗಿ ನಿಂತು, ಬೇಕಂತಲೇ ನೆಲಕ್ಕೆ ಬಿಟ್ಟರು.

ಕಲ್ಯಾಣ ಮಂಟಪವೆಲ್ಲ ಝಣ್ ಅಂದಿತು. ಸಾಲಿನಲ್ಲಿದ್ದ ಮುದುಕಿಯೊಬ್ಬಳು "ಯವ್ವಾ!" ಅಂತ ಎದೆ ಹಿಡಿದುಕೊಂಡಳು. ಕುರ್ಚಿಯಲ್ಲಿ ಕುಂತಿದ್ದವನು ಮಾತ್ರ ಅಲುಗಲಿಲ್ಲ.

"ಖರೇನ ಕಿವುಡ ಅದಾನ, ಬರ್ಕೋ," ಅಂದರು ಡಾಕ್ಟರು, ಬರೆಯುವವನಿಗೆ. ಆಮೇಲೆ ನನ್ನ ಕಡೆ ತಿರುಗಿ ಹಲ್ಲು ಕಿರಿದರು. "ಕೆಲವ್ರು ನಾಟಕ ಮಾಡ್ತಾರ್ರಿ ಟೀಚರ. ಇದು ನಮ್ಮ ಟೆಸ್ಟು."

ಹೇಸಿಗೆ ಬಂತು ನನಗೆ. ಯಾವುದೋ ಸಂಸ್ಥೆಯವರು ಕುಷ್ಟಗಿಯಲ್ಲಿ ಹಾಕಿದ್ದ ಅಂಗವಿಕಲರ ಕ್ಯಾಂಪು ಅದು. ಕಿವಿ ಕೇಳದವರಿಗೆ ಕೈಸನ್ನೆಯಲ್ಲಿ ಮಾತು ತಿಳಿಸಲು ನನ್ನನ್ನು ಕರೆಸಿದ್ದರು. ಕೈಮಾತು ಬಲ್ಲವಳು ಅಂದರೆ ಎಲ್ಲರಿಗೂ ಟೀಚರ್. ಬೆಳಗಿನಿಂದ ಆ ಟ್ರೇ ಹನ್ನೊಂದು ಸಲ ಬಿದ್ದಿತ್ತು. ಹನ್ನೊಂದು ಸಲವೂ ನನ್ನ ಭುಜ ಬೆಚ್ಚಿತ್ತು.

ಕುರ್ಚಿಯಲ್ಲಿದ್ದವನು ನನ್ನ ಮುಖ ನೋಡಿದ. ರೆಪ್ಪೆಯ ಮೇಲೆ ಸಣ್ಣಗೆ ಬಿಳಿ ಧೂಳು. ಕೈಯಲ್ಲಿ ಕೇಳಿದ: "ಏನು ಬಿತ್ತು?"

"ಏನಿಲ್ಲ," ಅಂದೆ ನಾನೂ ಕೈಯಲ್ಲೇ. "ಒಳ್ಳೇದಾಗಲಿ ಅಂದ್ರು ಡಾಕ್ಟರು."

"ಸುಳ್ಳಬುರಕಿ. ಏನೂ ಬೀಳದಿದ್ರ ನಿನ್ನ ಭುಜ ಯಾಕ ಜಿಗೀತು?" ಎರಡು ಬೆರಳಲ್ಲಿ ತನ್ನ ಭುಜ ಮುಟ್ಟಿ, ಅದನ್ನು ಟಕ್ಕಂತ ಮೇಲಕ್ಕೆ ಕುಣಿಸಿ ತೋರಿಸಿದ.

ಸಾಲಿನಲ್ಲಿದ್ದ ಇನ್ನಿಬ್ಬರು ಕಿವುಡರು ಅದನ್ನು ನೋಡಿ ನಕ್ಕು, ತಾವೂ ಭುಜ ಕುಣಿಸಿದರು. ಕಿವುಡರಲ್ಲಿ ಹೆಸರು ಹುಟ್ಟುವುದು ಹೀಗೇ. ಮೈಯಲ್ಲಿ ಯಾವುದು ಎದ್ದು ಕಾಣುತ್ತದೋ ಅದೇ ಹೆಸರು, ಅದಕ್ಕೊಂದು ಸನ್ನೆ. ಅವತ್ತಿನಿಂದ ಕುಷ್ಟಗಿ, ಗಂಗಾವತಿ, ಯಲಬುರ್ಗಾ ಕಡೆಯ ಕಿವುಡರಿಗೆಲ್ಲ ನಾನು ಅನ್ನಪೂರ್ಣ ಅಲ್ಲ, ಭುಜ ಕುಣಿಸುವವಳು.

"ಈಗ ಖರೇ ಹೇಳು. ಡಾಕ್ಟರ್ ಏನಂದ?"

ಹೇಳಿದೆ. ಟ್ರೇ, ಟೆಸ್ಟು, ನಾಟಕ, ಎಲ್ಲ.

ಅವನು ನಕ್ಕ. ನಗು ಬಂದ ಕೂಡಲೇ ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಮೇಲೆ ಕಣ್ಣು ಮಾತ್ರ ನಗುತ್ತಿದ್ದವು. "ಪಾಪ, ಹನ್ನೊಂದು ಸಲ ಬಗ್ಗಿ ಎತ್ತ್ಯಾನ. ಬೆನ್ನು ನೋಯ್ತೇನು ಕೇಳು."

ಕೇಳಿದೆ. ಡಾಕ್ಟರರ ಮುಖ ಹುಣಸೆಹಣ್ಣು ತಿಂದಂತಾಯಿತು. ಅವತ್ತು ನನಗೆ ಸಿಕ್ಕ ಒಂದೇ ಒಂದು ಸುಖ ಅದು.

ಅವನ ಹೆಸರು ಮಾಂತೇಶ.

*

ನನ್ನ ಅವ್ವ ಫಕೀರಮ್ಮನಿಗೆ, ತೀರಿಕೊಂಡ ನನ್ನಪ್ಪನಿಗೆ, ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ನಾನು ಮೊದಲು ಕಲಿತದ್ದು ಕೈಮಾತು. ಬಾಯಿಮಾತನ್ನು ಓಣಿಯಲ್ಲಿ ಕಲಿತೆ. ಆರು ವರ್ಷಕ್ಕೇ ಮನೆಯ ಬಾಯಿ ನಾನಾದೆ.

ತಾವರಗೇರಾದ ಕಿರಾಣಿ ಅಂಗಡಿಯವನು "ಬಂದ್ಲಪಾ ಮೂಗಿ" ಅನ್ನುತ್ತಿದ್ದ. ನಾನು ಅವ್ವನಿಗೆ "ಬರ್ರಿ ಅಂದ್ರು" ಅಂತ ಹೇಳುತ್ತಿದ್ದೆ. ಅವ್ವ ಅವನಿಗೆ ನಗುತ್ತಾ ಕೈ ಮುಗಿಯುತ್ತಿದ್ದಳು. ಮಂದಿಯ ಹೊಲಸು ಮಾತಿಗೆಲ್ಲ ಸಕ್ಕರೆ ಹಾಕಿ ಅವ್ವನಿಗೆ ಕೊಟ್ಟವಳು ನಾನು. ಈಗ ಮೂವತ್ತೊಂದು ವರ್ಷ. ಆ ಸಕ್ಕರೆಯ ಜಿಗುಟು ಬೆರಳಿನಿಂದ ಹೋಗಿಲ್ಲ.

ನನ್ನನ್ನು ನೋಡಲು ನಾಲ್ಕು ಮನೆಯವರು ಬಂದಿದ್ದರು. ನಾಲ್ವರೂ ಹೇಳಿದ್ದು ಒಂದೇ. "ಹುಡುಗಿ ಛಲೋ ಅದಾಳ್ರಿ. ಆದ್ರ ರಕ್ತದಾಗ ಮೂಗತನ ಐತಲ್ಲ." ಅದನ್ನು ಅವ್ವನಿಗೆ ತಿಳಿಸಬೇಕಾದವಳೂ ನಾನೇ. ಚಹಾದ ಕಪ್ಪು ಎತ್ತುತ್ತಾ "ಜಾತಕ ಕೂಡಲಿಲ್ಲಂತ" ಅಂದೆ. ನಾಲ್ಕು ಸಲವೂ.

ಆಮೇಲೆ ದುಭಾಷಿ ಕೆಲಸದ ತರಬೇತಿಗೆ ಹೋದಾಗ ಮೊದಲ ದಿನವೇ ಒಂದು ನಿಯಮ ಹೇಳಿಕೊಟ್ಟರು. ಯಾರು ಏನಂದರೂ ಅಷ್ಟನ್ನೂ ತಿಳಿಸಬೇಕು. ಕೂಡಿಸಬಾರದು, ಕಳೆಯಬಾರದು. ನಾನು ವಹಿಯಲ್ಲಿ ಬರೆದುಕೊಂಡೆ. ಬರೆದುಕೊಂಡೆ, ಅಷ್ಟೇ.

*

ಮಾಂತೇಶ ಗಂಗಾವತಿಯ ಒಂದು ಅಕ್ಕಿ ಮಿಲ್ಲಿನಲ್ಲಿ ಮಷೀನು ನೋಡಿಕೊಳ್ಳುತ್ತಿದ್ದ. ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ವಿಡಿಯೋ ಕಾಲ್ ಮಾಡುತ್ತಿದ್ದ. ಆ ಹೊತ್ತಿಗೆ ನಾನು ರೊಟ್ಟಿ ಬಡಿಯುತ್ತಿರುತ್ತೇನೆ. ಫೋನನ್ನು ಉಪ್ಪಿನ ಡಬ್ಬಿಗೆ ಆನಿಸಿ ನಿಲ್ಲಿಸುತ್ತಿದ್ದೆ.

"ಹಿಟ್ಟಿನ ಕೈಯಾಗ ಮಾತಾಡಬ್ಯಾಡ. ನಿನ್ನ ಮಾತಿನ ಮ್ಯಾಲೆಲ್ಲ ಹಿಟ್ಟು ಬೀಳತೈತಿ."

"ನಿನ್ನ ರೆಪ್ಪಿ ಮ್ಯಾಲೆ ನೋಡ್ಕೋ ಮೊದಲು. ಅಲ್ಲೇ ಅರ್ಧ ಚೀಲ ಅಕ್ಕಿ ಐತಿ."

"ಇರಲಿ ಬಿಡು. ನಿನಗ ಬೇಕಾದಾಗ ಅನ್ನ ಮಾಡ್ಕೋ."

ಕಿಸಕ್ಕನೆ ನಕ್ಕೆ. ರೊಟ್ಟಿ ಹಂಚಿನ ಮೇಲೆ ಕಪ್ಪಾಯಿತು. ಹಿಂದಿನಿಂದ ಅವ್ವ ಬಂದು ಫೋನಿನಲ್ಲಿ ಇಣುಕಿ, ಅವನಿಗೊಂದು ಕೈ ಬೀಸಿ, ನನ್ನ ಕಡೆ ಹುಬ್ಬು ಹಾರಿಸಿ ಹೋದಳು. ಅವ್ವನ ಹುಬ್ಬಿಗೆ ದುಭಾಷಿ ಬೇಡ.

ಒಂದು ಸಲ ಮಿಲ್ಲಿನ ಮಾಲೀಕರು ಕೆಲಸಗಾರರಿಗೆ ಏನೋ ಸುರಕ್ಷತೆಯ ಮೀಟಿಂಗ್ ಇಟ್ಟು ನನ್ನನ್ನು ಕರೆಸಿದ್ದರು. ಒಳಗೆ ಕಾಲಿಟ್ಟರೆ ಏನು ಸದ್ದು! ನನ್ನ ಮಾತು ನನಗೇ ಕೇಳಲಿಲ್ಲ. ಹಮಾಲರು, ಡ್ರೈವರುಗಳು, ಕಸ ಹೊಡೆಯುವ ಹೆಣ್ಣುಮಕ್ಕಳು ಎಲ್ಲರೂ ಕೈಯಲ್ಲೇ ಮಾತಾಡುತ್ತಿದ್ದರು, ತಡವರಿಸುತ್ತ. ಅವರ ನಡುವೆ ಮಾಂತೇಶ ಒಬ್ಬನೇ ಸಲೀಸಾಗಿ ಮಾತಾಡುವವನು. ಯಾವನೋ ಹುಚ್ಚು ಸನ್ನೆ ಮಾಡಿದರೆ ಇವನು ಅವನ ಬೆರಳು ಹಿಡಿದು ತಿದ್ದುತ್ತಿದ್ದ.

ಅವನ ಹೆಸರಿನ ಸನ್ನೆ ಯಾಕೆ ಹಾಗಿದೆ ಅಂತ ಅವತ್ತು ತಿಳಿಯಿತು. ಎಡ ಮುಂಗೈ ಮೇಲೆ ಬಲ ಅಂಗೈಯನ್ನು ಒತ್ತಿ ಇಡುವುದು, ಅದು ಮಾಂತೇಶ. ಅವನು ಮಷೀನಿನ ಮೈಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರೆ, ಒಳಗೆ ಯಾವ ಭಾಗ ಕೆಟ್ಟಿದೆ ಅಂತ ಹೇಳುತ್ತಿದ್ದ. ಕಿವಿಯುಳ್ಳ ಫಿಟ್ಟರುಗಳಿಗೆ ಸಿಗದ್ದು ಅವನ ಕೈಗೆ ಸಿಗುತ್ತಿತ್ತು.

"ಇಲ್ಲಿ ಇಡು," ಅಂತ ನನ್ನ ಕೈ ಹಿಡಿದು ಪಾಲಿಶ್ ಮಷೀನಿನ ಮೇಲೆ ಇಟ್ಟ. ಮೇಲೆ ತನ್ನ ಕೈ. ಕಬ್ಬಿಣ ಬೆಚ್ಚಗಿತ್ತು. ಅವನ ಅಂಗೈ ಅದಕ್ಕಿಂತ ಬೆಚ್ಚಗಿತ್ತು. ಒಂದೇ ಸಮನೆ ನಡುಗುವ ನಡುಕದ ಒಳಗೆ ಆಗಾಗ ಒಂದು ಸಣ್ಣ ಎಡವು.

ಕೈ ಬಿಟ್ಟು ಹೇಳಿದ: "ತಿಳೀತೇನು? ಬೇರಿಂಗ್ ಹೊಂಟೈತಿ. ಮ್ಯಾಲೆ ನೋಡಿದ್ರ ಛಲೋ ಕಾಣ್ತೈತಿ, ಒಳಗ ಮುಗಿದೈತಿ."

ಮುಗಿದಿತ್ತು, ಖರೇ. ಮಷೀನಿನದಲ್ಲ, ನನ್ನದು.

ಹೊರಗೆ ಬಂದ ಮೇಲೆ ಅವನು ನನ್ನ ಮುಂದೆ ನಿಂತು ಕೇಳಿದ: "ಒಂದು ಮಾತು ಕೊಡು. ಯಾರು ನನ್ನ ಬಗ್ಗೆ ಏನಂದ್ರೂ ಬಿಡದ ಹೇಳು. ಬೈದ್ರೂ ಹೇಳು. ನನಗ ಸಕ್ಕರಿ ಬ್ಯಾಡ. ಹುಟ್ಟಿದಾಗಿಂದ ತಿಂದು ಸಾಕಾಗೈತಿ."

ಸಕ್ಕರೆಯ ಸುದ್ದಿ ನಾನು ಅವನಿಗೆ ಹೇಳಿರಲಿಲ್ಲ. ಅವನ ಕಡೆಯೂ ಯಾರೋ ಹಾಕಿದ್ದರು ಅಂತಾಯಿತು. ಮಾತು ಕೊಟ್ಟೆ.

*

ಅವನ ಅಣ್ಣ ದುರಗಪ್ಪ ಒಂದು ದಿನ ಫೋನ್ ಮಾಡಿದ. "ಟೀಚರ, ನಮ್ಮ ಮಾಂತೇಶಗ ಒಂದು ಕನ್ಯಾ ನೋಡೀವ್ರಿ, ಮರಳಿ ಊರಾಗ. ಐತವಾರ ಹೊಂಟೀವಿ. ನೀವು ಬಂದ್ರ ಮಾತುಕತಿಗೆ ಅನುಕೂಲ ಆಗತೈತ್ರಿ."

"ಬರ್ತೀನ್ರಿ ಅಣ್ಣಾರ," ಅಂದಿತು ನನ್ನ ಬಾಯಿ. ಬೇರೆಯವರ ಮಾತು ಆಡಿ ಆಡಿ ಅದಕ್ಕೆ ನನ್ನ ಮಾತು ಬರುತ್ತಲೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಮಾಂತೇಶ ವಿಡಿಯೋದಲ್ಲಿ ಕೇಳಿದ: "ನೀ ಬರ್ತೀಯಂತ?"

"ಕೆಲಸ ಅಲ್ಲೇನು. ಬರ್ತೀನಿ."

"ಕೆಲಸ," ಅಂದ. "ಬ್ಯಾರೆ ಏನೂ ಹೇಳೋದಿಲ್ಲೇನು?"

ನಾನು ರೊಟ್ಟಿ ತಿರುವಿದೆ. ಎರಡೂ ಕೈಗೆ ಕೆಲಸವಿದ್ದರೆ ಉತ್ತರ ಕೊಡಬೇಕಾಗಿಲ್ಲ. ಅಂಥ ಹೇಡಿ ನಾನು.

ಐತವಾರ ಬಾಡಿಗೆ ಕಾರು. ಮಾಂತೇಶ ಮುಂದಿನ ಸೀಟಿನಲ್ಲಿ, ಇಸ್ತ್ರಿ ಅಂಗಿ ಹಾಕಿಕೊಂಡು. ಹಿಂದೆ ನಾನು, ದುರಗಪ್ಪ. ಕಾಲುವೆಯ ಪಕ್ಕದ ರಸ್ತೆ, ಎರಡೂ ಕಡೆ ಹಸಿರು ನೆಲ್ಲು. ಚೆಂದದ ದಾರಿ ಅದು. ಚೆಂದದ ದಾರಿಯಲ್ಲಿ ಎಂಥ ಮಾತು ಬಂತು ನೋಡ್ರಿ.

"ಟೀಚರ, ಒಂದು ವಿಷಯ," ಅಂದ ದುರಗಪ್ಪ. ದನಿ ತಗ್ಗಿಸುವ ಗೋಜಿಗೂ ಹೋಗಲಿಲ್ಲ. "ಅವರು ಒಂದು ಷರತ್ತು ಹಾಕ್ಯಾರ. ಮದುವಿ ಮೊದಲ ಇವಗ ಆಪರೇಷನ್ ಮಾಡಿಸಬೇಕಂತ. ಮಕ್ಕಳಾಗಲಾರದ್ದು. ಹುಟ್ಟೋದೂ ಮೂಗನ ಆದ್ರ ಏನ್ ಮಾಡೋದ್ರಿ? ಕೂಸು ಬೇಕಂದ್ರ ಹುಡುಗೀನ ಸಾಕಿದ ಅತ್ತಿ ತನ್ನ ಮಕ್ಕಳಾಗ ಒಂದನ್ನ ದತ್ತಕ ಕೊಡ್ತಾಳಂತ."

"ಮಾಂತೇಶಗ ಗೊತ್ತೈತೇನ್ರಿ?"

"ಅವಗ್ಯಾಕ? ಬಿ.ಪಿ. ಚೆಕಪ್ ಅಂತ ಹೇಳ್ರಿ. ಓದಾಕ ಅಷ್ಟಕ್ಕಷ್ಟ ಅವಂದು. ತೋರಿಸಿದಲ್ಲಿ ಸಹಿ ಮಾಡ್ತಾನ. ನಿಮ್ಮ ಮ್ಯಾಲೆ ಭಾಳ ನಂಬಿಗಿ ಐತಿ ಅವಗ."

ಕಾರಿನೊಳಗಿನ ಮಲ್ಲಿಗೆ ಸೆಂಟು, ದುರಗಪ್ಪನ ಬಾಯಿಯ ಗುಟಕಾ ವಾಸನೆ, ಈ ಮಾತು, ಎಲ್ಲ ಕಲಸಿಹೋದವು. ಕಿಟಕಿಯ ಗಾಜು ಇಳಿಸಿದೆ. ಈ ದುರಗಪ್ಪ ಕೆಟ್ಟವನೂ ಅಲ್ಲ. ಅಪ್ಪ-ಅವ್ವ ಸತ್ತಾಗ ಹತ್ತು ವರ್ಷದ ತಮ್ಮನನ್ನು ಹೆಗಲ ಮೇಲೆ ಹೊತ್ತು ಸಾಕಿದವನು. ತನ್ನ ತಾಟಿನಲ್ಲಿ ಉಣಿಸಿದವನು. ಅದೇ ಕೈ ಈಗ ಇದನ್ನೂ ಮಾಡಿಸುತ್ತದೆ, ಪ್ರೀತಿಯಿಂದಲೇ. ಅದು ನನಗೆ ಇನ್ನೂ ಹೆಚ್ಚು ಅಸಹ್ಯ.

ಇದೇ ಆಪರೇಷನ್ನನ್ನು ಯಾರಾದರೂ ನಮ್ಮಪ್ಪನಿಗೆ ಮಾಡಿಸಿದ್ದರೆ ನಾನಿಲ್ಲ.

ಮುಂದಿನ ಕನ್ನಡಿಯಲ್ಲಿ ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು. ಮಾಂತೇಶ ಕೈ ಎತ್ತಿದ. ಭುಜ ಮುಟ್ಟಿ ಕುಣಿಸಿದ: ನನ್ನ ಹೆಸರು. ಆಮೇಲೆ: "ಏನು ಬಿತ್ತು?"

ದುರಗಪ್ಪ ನನ್ನನ್ನು ನೋಡಿದ. ನಾನು ಕನ್ನಡಿಯನ್ನು ನೋಡಿದೆ. ಹೇಳಿಬಿಟ್ಟರೆ ಈ ಸಂಬಂಧ ಮುರಿಯುತ್ತದೆ. ಮುರಿದರೆ ಯಾರಿಗೆ ಲಾಭ? ನನಗೇ. ಮುರಿಯಲಿ ಅಂತ ನಾಲ್ಕು ದಿನದಿಂದ ಒಳಗೊಳಗೇ ಬೇಡಿಕೊಂಡವಳು ನಾನೇ. ಅಂಥವಳು ಹೇಳಿದ ಖರೇ ಮಾತನ್ನು ಯಾರು ಖರೇ ಅಂತಾರೆ?

"ಏನಿಲ್ಲ," ಅಂದವು ನನ್ನ ಕೈಗಳು.

ಆ ಕೈಗಳನ್ನು ಕತ್ತರಿಸಿ ಕಾಲುವೆಗೆ ಎಸೆಯಬೇಕು ಅನ್ನಿಸಿತು.

*

ಮರಳಿಯ ಮನೆಯ ಪಡಸಾಲೆಯಲ್ಲಿ ಜಮಖಾನ ಹಾಸಿದ್ದರು. ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ, ಚಹಾ ಬಂತು. ಹುಡುಗಿ ಹಂಪವ್ವ ತಲೆ ತಗ್ಗಿಸಿ ಮೂಲೆಯಲ್ಲಿ ಕುಂತಿದ್ದಳು. ಹತ್ತೊಂಬತ್ತೋ ಇಪ್ಪತ್ತೋ. ಕಿವಿ ಚೆನ್ನಾಗಿ ಕೇಳುತ್ತದೆ, ತಂದೆ-ತಾಯಿ ಇಲ್ಲ. ಸಾಕಿದ ಅತ್ತೆ ಮಾರೆವ್ವನದೇ ಮಾತೆಲ್ಲ. ಹೆಂಗಸು ಮಾಂತೇಶನನ್ನು ಬಿಟ್ಟು ನನ್ನನ್ನು ಕೇಳಲು ಶುರು ಮಾಡಿದಳು.

"ತಾನ ಉಣ್ತಾನೇನ್ರಿ? ಬಟ್ಟಿ-ಬರಿ ತಾನ ಹಾಕ್ಕೋತಾನ? ಸಿಟ್ಟು ಬಂದ್ರ ಹೊಡಿತಾನೇನು? ಇಂಥವ್ರಿಗೆ ಸಿಟ್ಟು ಭಾಳಂತ." ಕೇಳುತ್ತ ಎದ್ದು ಬಂದು ಅವನ ರಟ್ಟೆಯನ್ನು ಒತ್ತಿ ನೋಡಿದಳು. "ಮೈ ಮಾತ್ರ ಗಟ್ಟಿ ಐತಿ."

ಹಲ್ಲು ಬಿಡಿಸಿ ನೋಡುವುದೊಂದು ಬಾಕಿ. ಒಂದನ್ನೂ ಬಿಡದೆ ಮಾಂತೇಶನಿಗೆ ತಿಳಿಸಿದೆ. ಅವನ ಉತ್ತರವನ್ನು ಬಾಯಲ್ಲಿ ಹೇಳಿದೆ: "ಎತ್ತಿಗೆ ನಿಮ್ಮೂರಾಗ ಮಿರ್ಚಿ ಕೊಡ್ತಾರೇನ್ರಿ?"

ಮೂಲೆಯಲ್ಲಿ ಹಂಪವ್ವನ ಸೆರಗು ಸಣ್ಣಗೆ ಅಲುಗಿತು. ಮಾರೆವ್ವ ನಗಲಿಲ್ಲ. ದುರಗಪ್ಪನ ಕಡೆ ತಿರುಗಿದಳು. "ಆ ಆಪರೇಷನ್ ಮದುವಿ ಮೊದಲ ಆಗಬೇಕ್ರಿ ಮತ್ತ. ನಮ್ಮ ಹುಡುಗಿ ಹೊಟ್ಟ್ಯಾಗ ಮೂಗ ಕೂಸು ಬ್ಯಾಡ."

"ಟೀಚರ, ಚೆಕಪ್ ಅನ್ರಿ," ಅಂದ ದುರಗಪ್ಪ ಮೆಲ್ಲಗೆ.

ಮಾಂತೇಶ ಅವರ ತುಟಿ ನೋಡಲಿಲ್ಲ. ನನ್ನ ಭುಜ ನೋಡಿದ. "ಏನು ಬಿತ್ತು?"

ಆರು ವರ್ಷದ ಹುಡುಗಿಯಾಗಿ ಅಂಗಡಿಯ ಮುಂದೆ ನಿಂತಿದ್ದೆ. ಅವ್ವ ನಗುತ್ತಾ ಕೈ ಮುಗಿಯುತ್ತಿದ್ದಳು. ಇಲ್ಲ. ಇನ್ನು ಆಗದು.

ಹೇಳಿದೆ. ಆಪರೇಷನ್ ಅಂದರೆ ಏನು, ಎಲ್ಲಿ, ಯಾಕೆ, ದತ್ತಕದ ಕೂಸು ಯಾರದು, ಚೆಕಪ್ ಅನ್ನಬೇಕೆಂದು ನನಗೆ ಯಾರು ಹೇಳಿದರು, ಎಲ್ಲವನ್ನೂ. ನನ್ನ ಬೆರಳುಗಳು ತಡವರಿಸಲಿಲ್ಲ.

ಅವನ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಕೈ ಸುಮ್ಮನಿದ್ದರೆ ಅವನು ಮೂಕ. ಅದನ್ನು ನಾನು ಮೊದಲ ಸಲ ನೋಡಿದ್ದು.

ಆಮೇಲೆ ಎತ್ತಿದ. "ಅಣ್ಣ ಒಪ್ಯಾನ?"

"ಒಪ್ಯಾನ."

"ನಿನಗ ಯಾವಾಗ ಗೊತ್ತಾತು?"

"ಕಾರಿನ್ಯಾಗ."

"ಏನಿಲ್ಲ ಅಂದಿ."

"ಸುಳ್ಳು ಹೇಳಿದೆ. ಮಾತು ಮುರಿದೆ." ತಲೆ ತಗ್ಗಿಸಲು ಮನಸ್ಸಾಯಿತು. ತಗ್ಗಿಸಿದರೆ ಅವನ ಕೈ ಕಾಣುವುದಿಲ್ಲ. ಅದಕ್ಕೇ ನೋಡುತ್ತಲೇ ಇದ್ದೆ.

"ಏನ್ ಹೇಳಿದ್ರಿ?" ದುರಗಪ್ಪ ಎದ್ದು ನಿಂತ. "ಅವನ ಮಾರಿ ಯಾಕ ಹಂಗಾತು?"

"ನೀವಂದಿದ್ದು ಹೇಳೀನ್ರಿ ಅಣ್ಣಾರ. ಒಂದಕ್ಷರ ಬಿಟ್ಟಿಲ್ಲ."

ಮಾಂತೇಶನೂ ಎದ್ದ. ಅಣ್ಣನ ಎದುರು ನಿಂತು ಮಾತಾಡಿದ. ನಾನು ಅವನ ಪಕ್ಕ ನಿಂತು ದನಿ ಕೊಟ್ಟೆ: "ಅಣ್ಣಾ, ನಿನ್ನ ತಾಟಿನ್ಯಾಗ ಉಂಡು ಬೆಳೆದೀನಿ. ನೀ ಬಾ ಅಂದ್ರ ಬರ್ತೀನಿ, ಹೊರು ಅಂದ್ರ ಹೊರ್ತೀನಿ. ಆದ್ರ ನನ್ನಂಥ ಕೂಸು ಹುಟ್ಟಬಾರದು ಅಂತ ನಿನಗ ಅನಿಸಿತಲ್ಲ. ಅಂದ್ರ ಇಷ್ಟು ವರ್ಷ ನನ್ನ ಮಾರಿ ನೋಡಿ ಏನಂದ್ಕೋತಿದ್ದಿ?"

ದುರಗಪ್ಪ ಟವೆಲಿನಿಂದ ಮುಖ ಒರೆಸಿಕೊಂಡು ಗೋಡೆಯ ಕಡೆ ತಿರುಗಿದ.

ಮಾಂತೇಶ ಮೂಲೆಯ ಕಡೆ ತಿರುಗಿ ಕೈಯಲ್ಲಿ ಕೇಳಿದ. ನಾನು ದನಿ ಕೊಟ್ಟೆ: "ತಂಗಿ, ನಿನ್ನ ಯಾರರ ಕೇಳ್ಯಾರೇನು?"

ಹಂಪವ್ವ ತಲೆ ಎತ್ತಿದಳು. "ಒಲ್ಲೆ ಅಂತ ಹೇಳೀನ್ರಿ ಅಣ್ಣಾ, ಮೂರು ಸಲ. ಇಲ್ಲಿ ಯಾರಿಗೂ ಕೇಳಿಸಲಿಲ್ಲ."

ಮಾರೆವ್ವನಿಗೆ ತಡೆಯಲಾಗಲಿಲ್ಲ. ನನ್ನ ಮುಖದ ಮುಂದೆ ಬಂದು ಬಳೆ ಸದ್ದು ಮಾಡಿದಳು. "ಮನಿ ಮುರಕಿ! ನನಗ ತಿಳಿದಿಲ್ಲ ಅಂದ್ಕೊಂಡಿಯೇನು? ಬಂದಾಗಿಂದ ನೋಡಾಕತ್ತೀನಿ. ಈಕಿಗೆ ಇವನ ಮ್ಯಾಲೆ ಕಣ್ಣೈತಿ. ಅದಕ್ಕ ಮುರದ್ಲು!"

ನನ್ನ ಭುಜ ಎಷ್ಟು ಜೋರಾಗಿ ಜಿಗಿಯಿತೆಂದರೆ ಕಿವಿಯ ಜುಮಕಿ ಅಲುಗಿತು.

"ಏನು ಬಿತ್ತು?" ಮಾಂತೇಶ.

ಬೈದರೂ ಹೇಳು ಅಂದಿದ್ದ. ಒಂದೂ ಬಿಡಬೇಡ ಅಂದಿದ್ದ. ಈಗ ಬಿಟ್ಟರೆ ಇಷ್ಟು ಹೊತ್ತು ಹೇಳಿದ್ದೆಲ್ಲ ಸುಳ್ಳಾಗುತ್ತದೆ. ಕೈ ಎತ್ತಿದೆ. ಮನೆ ಮುರುಕಿ, ಅಂದೆ. ಅದು ಸಲೀಸು. ಆಮೇಲೆ ನನ್ನನ್ನೇ ತೋರಿಸಿಕೊಂಡು, ಅವನನ್ನು ತೋರಿಸಿ, "ಈಕಿಗೆ ಇವನ ಮ್ಯಾಲೆ ಕಣ್ಣೈತಿ ಅಂತಾಳ. ಬಂದಾಗಿಂದ ನೋಡಾಕತ್ತಾಳಂತ," ಅಂದೆ. ಮುಖ ಕೆಂಡವಾಯಿತು.

ಅವನು ನೋಡಿದ. ಮೊದಲು ಕೈಯನ್ನು, ಆಮೇಲೆ ಕಿವಿಯ ಜುಮಕಿಯನ್ನು, ಆಮೇಲೆ ಕಣ್ಣನ್ನು. ಅವನ ರೆಪ್ಪೆಯ ಮೇಲೆ ಇವತ್ತು ಧೂಳಿರಲಿಲ್ಲ. ಧೂಳಿಲ್ಲದೆ ರೆಪ್ಪೆ ಬರಿದಾಗಿ ಕಂಡಿತು.

"ಅದು ಆಕಿ ಮಾತು," ಅಂದ. "ಎಲ್ಲರ ಮಾತೂ ಹೇಳಿದಿ. ನಿಂದು?"

ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ನನ್ನ ಕೈಯಲ್ಲಿ ಒಂದೂ ಮಾತಿರಲಿಲ್ಲ, ಬಾಯಲ್ಲೂ. ಆದ್ದರಿಂದ ಅವನ ಹೆಸರನ್ನೇ ಹೇಳಿದೆ. ಬಲ ಅಂಗೈ ಒತ್ತಿ ಇಡುವ ಆ ಹೆಸರು. ಮುಂಗೈ ಮೇಲಲ್ಲ, ನನ್ನ ಎದೆಯ ಮೇಲೆ ಇಟ್ಟೆ. ಇಟ್ಟು ಹಾಗೇ ಹಿಡಿದುಕೊಂಡೆ. ಒಳಗಿನ ನಡುಕ ನನ್ನ ಅಂಗೈಗೇ ಹೊಡೆಯುತ್ತಿತ್ತು.

ಅವನು ಕಣ್ಣು ಕಿರಿದು ಮಾಡಿ, ಮಿಲ್ಲಿನಲ್ಲಿ ಮಷೀನು ನೋಡುವಂತೆ ಗಂಭೀರವಾಗಿ ನೋಡಿದ. ತಲೆ ಅಲ್ಲಾಡಿಸಿದ.

"ಬೇರಿಂಗ್ ಹೋಗೈತಿ," ಅಂದ. "ರಿಪೇರಿ ಆಗಂಗಿಲ್ಲ. ನಂದೂ ಹಂಗ ಐತಿ. ಆ ಕ್ಯಾಂಪಿನಿಂದ."

"ಏನಂದ?" ದುರಗಪ್ಪ ಗೋಡೆಯಿಂದ ತಿರುಗಿದ. "ಟೀಚರ, ಏನಂದ ಅವ? ನೀವೇನಂದ್ರಿ?"

"ಏನಂದ್ರವ್ವ?" ಮಾರೆವ್ವನೂ ಕೇಳಿದಳು, ಸಿಟ್ಟು ಮರೆತು.

ಇಪ್ಪತ್ತೈದು ವರ್ಷ, ಕೇಳಿದವರಿಗೆಲ್ಲ ಹೇಳಿದ್ದೇನೆ.

"ಅದು ನನಗ ಹೇಳಿದ್ದು," ಅಂದೆ. "ನಿಮಗಲ್ರಿ."

ಅವರ ಮುಖ ನೋಡಿ ಮಾಂತೇಶನಿಗೆ ತಿಳಿಯಿತು. ನಕ್ಕ. ಅವನ ನಗುವಿನ ಸದ್ದನ್ನು ನಾನು ಕೇಳಿದ್ದು ಅವತ್ತೇ ಮೊದಲು. ಏರಿಳಿತವಿಲ್ಲದ, ಒರಟಾದ, ಎಲ್ಲೋ ಗಂಟಲ ತಳದಿಂದ ಒದ್ದುಕೊಂಡು ಬಂದ ದೊಡ್ಡ ನಗು. ಮಾರೆವ್ವ "ಇಶ್ಶೀ" ಅಂತ ಹಿಂದೆ ಸರಿದಳು. ಹಂಪವ್ವ ಸೆರಗಿನೊಳಗೆ ನಗುತ್ತ ಜೊತೆಗೂಡಿದಳು.

ಅವನು ಬಾಯಿ ಮುಚ್ಚಿಕೊಳ್ಳಲಿಲ್ಲ. ಮುಚ್ಚಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅವನ ಎರಡೂ ಕೈ ನನ್ನ ಜೊತೆ ಮಾತಾಡುತ್ತಿದ್ದವು.